ಅಪ್ಪನ ಪಾತ್ರಕ್ಕೆ ವಯಸ್ಸಾಯಿತು

2020ರ ಸೆಪ್ಟೆಂಬರಿನಲ್ಲಿ ಬಂದ ಒಂದು ಆಲ್ಬಂನಲ್ಲಿ, ಎಪ್ಪತ್ತು ದಾಟಿದ ಹಾಡುಗಾರರೊಬ್ಬರು ತಮ್ಮ ಜೊತೆ ತಾವೇ ಯುಗಳಗೀತೆ ಹಾಡಿದ್ದಾರೆ. ಅಪ್ಪನ ಸಾಲುಗಳು ಈಗಿನ ದನಿಯಲ್ಲಿ. ಮಗನ ಸಾಲುಗಳು ಹಳೇ ದನಿಯಲ್ಲಿ, 1970ರಲ್ಲಿ ಲಾಸ್ ಏಂಜಲೀಸಿನ ಟ್ರೂಬಡೋರ್ ಎಂಬ ಕ್ಲಬ್ಬಿನಲ್ಲಿ ಹಾಡಿದ್ದ ಟೇಪಿನಿಂದ ಎತ್ತಿಕೊಂಡದ್ದು. ಅಪ್ಪನೂ ಅವರೇ, ಮಗನೂ ಅವರೇ. ನಡುವೆ ಐವತ್ತು ವರ್ಷ.

ಹಾಡು 'ಫಾದರ್ ಅಂಡ್ ಸನ್'. ಆಲ್ಬಂ, 1970ರ ತಮ್ಮದೇ 'ಟೀ ಫಾರ್ ದ ಟಿಲ್ಲರ್‌ಮನ್' ಅನ್ನು ಪೂರ್ತಿ ಮತ್ತೆ ರೆಕಾರ್ಡ್ ಮಾಡಿದ್ದು. ಹಾಡಿದವರು ಯೂಸುಫ್. ನಮ್ಮ ವಯಸ್ಸಿನವರಿಗೆ ಕ್ಯಾಟ್ ಸ್ಟೀವನ್ಸ್ ಅಂದರೆ ಬೇಗ ಗೊತ್ತಾಗುತ್ತದೆ.

ಮೂರು ವರ್ಷ ಬಿಟ್ಟು, 2023ರ ಅಕ್ಟೋಬರ್ 6ಕ್ಕೆ, ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದಲ್ಲಿದ್ದ ರೋಜರ್ ವಾಟರ್ಸ್ ಕೂಡ ಇಂಥದ್ದೇ ಒಂದು ಕೆಲಸ ಮಾಡಿದರು. ಪಿಂಕ್ ಫ್ಲಾಯ್ಡ್‌ನ 'ದ ಡಾರ್ಕ್ ಸೈಡ್ ಆಫ್ ದ ಮೂನ್' 1973ರದ್ದು. ಅದಕ್ಕೆ ಐವತ್ತು ತುಂಬಿದ ವರ್ಷ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಮತ್ತೆ ರೆಕಾರ್ಡ್ ಮಾಡಿ, ಹೆಸರಿಗೆ 'ರೀಡಕ್ಸ್' ಎಂಬ ಬಾಲಂಗೋಚಿ ಕಟ್ಟಿ ಹೊರಗೆ ಬಿಟ್ಟರು. ಆಗ ಅವರಿಗೆ 80.

ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಬರೆಯುವುದಕ್ಕೆ ನನಗೆ ಇರುವ ಕಾರಣ ಯಾವ ವಿಮರ್ಶಕರೂ ಒಪ್ಪುವಂಥದ್ದಲ್ಲ. ನಮ್ಮ ಮನೆಯಲ್ಲಿ ಇವೆರಡರ ಹಳೇ ಆಲ್ಬಂಗಳೂ ಒಂದೇ ಕ್ಯಾಸೆಟ್ಟಿನಲ್ಲಿದ್ದವು. ಅಣ್ಣ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನ ಯಾರದೋ ಟೇಪಿನಿಂದ ಕಾಪಿ ಮಾಡಿಸಿಕೊಂಡು ಬಂದ ಟಿಡಿಕೆ ತೊಂಬತ್ತು ಅದು. ಬದಿಗೆ 45 ನಿಮಿಷ. 'ಡಾರ್ಕ್ ಸೈಡ್' ಸುಮಾರು 43 ನಿಮಿಷ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತಿತ್ತು. ಇನ್ನೊಂದು ಬದಿಗೆ ಕ್ಯಾಟ್ ಸ್ಟೀವನ್ಸ್‌ನ 'ಟೀ ಫಾರ್ ದ ಟಿಲ್ಲರ್‌ಮನ್'. ಅದು ಮುಗಿದ ಮೇಲೂ ಏಳೆಂಟು ನಿಮಿಷ ಟೇಪು ಉಳಿಯುತ್ತಿತ್ತಲ್ಲ, ಅಲ್ಲಿ ಅಣ್ಣ ರೇಡಿಯೊದಿಂದ ಹಿಡಿದ ಒಂದು ಹಿಂದಿ ಹಾಡಿನ ಮುಕ್ಕಾಲು ಭಾಗ. ಈಗಲೂ 'ಟಿಲ್ಲರ್‌ಮನ್' ಮುಗಿದರೆ ನನ್ನ ಕಿವಿ ಕಿಶೋರ್ ಕುಮಾರ್‌ಗೆ ಕಾಯುತ್ತದೆ.

ನಾನು ರಾಕ್ ಹಾಡುವವಳಲ್ಲ, ಸುಗಮ ಸಂಗೀತದವಳು. ಕೆಲಸ ಬ್ಯಾಂಕಿನಲ್ಲಿ, ಶನಿವಾರ ಸಂಜೆ ಮನೆಯಲ್ಲೇ ಮಕ್ಕಳಿಗೆ ಭಾವಗೀತೆ ಪಾಠ. ಅಣ್ಣ ಬೇಸ್ ಗಿಟಾರ್ ಹಿಡಿದು ಕಾಲೇಜು ಫೆಸ್ಟುಗಳಿಗೆ ಹೋಗುತ್ತಿದ್ದ, ನಾನು ಶ್ರುತಿಪೆಟ್ಟಿಗೆ ಮುಂದೆ ಕೂರುತ್ತಿದ್ದೆ. ಅವನ ಟೇಪ್‌ರೆಕಾರ್ಡರ್ ನನ್ನ ರೂಮಿನ ಗೋಡೆಗೆ ಒತ್ತಿಕೊಂಡೇ ಇದ್ದದ್ದರಿಂದ ಇಷ್ಟವಿರಲಿ ಬಿಡಲಿ ಎಲ್ಲ ಬಾಯಿಪಾಠವಾಯಿತು. 'ಟೈಮ್' ಹಾಡಿನ ಶುರುವಿಗೆ ಗಡಿಯಾರಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವಲ್ಲ, ಆಗ ಅಮ್ಮ ಅಡುಗೆಮನೆಯಿಂದ "ಯಾರದೋ ಅದು ಅಲಾರಾಂ, ನಿಲ್ಸ್ರೋ" ಅಂತ ಕೂಗುತ್ತಿದ್ದಳು. ಆ ಸದ್ದುಗಳನ್ನು ಅಬ್ಬೆ ರೋಡ್ ಸ್ಟುಡಿಯೊದ ಇಂಜಿನಿಯರ್ ಅಲನ್ ಪಾರ್ಸನ್ಸ್ ಗಡಿಯಾರದ ಅಂಗಡಿಗೆ ಹೋಗಿ ಒಂದೊಂದಾಗಿ ರೆಕಾರ್ಡ್ ಮಾಡಿಕೊಂಡು ಬಂದಿದ್ದರು ಅನ್ನುವುದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ಹಳೇ ಹಾಡನ್ನು ಮತ್ತೆ ರೆಕಾರ್ಡ್ ಮಾಡಿದರು ಅಂದಾಗ ಅಣ್ಣನಂಥ ರಾಕ್ ಪ್ರಿಯರಿಗೆ ಆಗುವ ಸಂಕಟ ನನಗೆ ಅಷ್ಟು ಬೇಗ ಅರ್ಥವಾಗುವುದಿಲ್ಲ. ನಮ್ಮಲ್ಲಿ ಇದು ಸುದ್ದಿಯೇ ಅಲ್ಲ. ಭೀಮಸೇನ ಜೋಶಿಯವರು 'ಭಾಗ್ಯದ ಲಕ್ಷ್ಮಿ ಬಾರಮ್ಮ'ವನ್ನು ಎಷ್ಟು ಸಲ ಹಾಡಿಲ್ಲ? ಅದರ ಒಂದೊಂದು ರೆಕಾರ್ಡಿಂಗೂ ಒಂದೊಂದು ಥರ. ಇದರಲ್ಲಿ ಅಸಲು ಯಾವುದು ಅಂತ ಯಾರೂ ಕೇಳುವುದಿಲ್ಲ. ಕೃತಿ ಪುರಂದರದಾಸರದ್ದು, ಅವತ್ತಿನ ಹಾಡು ಅವತ್ತಿನದು. ರಾಕ್‌ನಲ್ಲಿ ಹಾಗಲ್ಲ. ಅಲ್ಲಿ ಹಾಡು ಅಂದರೆ ಆ ರೆಕಾರ್ಡೇ. ಆ ದಿನದ ಡ್ರಮ್ಮಿನ ಪೆಟ್ಟು, ಆ ಆಂಪ್ಲಿಫೈಯರಿನ ಕರಕರ, ಹಾಡುವವನು ಉಸಿರು ಎಳೆದುಕೊಂಡ ಸದ್ದು ಎಲ್ಲ ಸೇರಿ ಹಾಡು. ಒಂದು ತೆಗೆದರೂ ಅದು ಬೇರೆ.

ನಮ್ಮ ಸಿನಿಮಾ ಹಾಡಿಗೂ ಇದೇ ಪಾಡು, ಅಲ್ವಾ? ಗಣೇಶೋತ್ಸವದ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ರಾಜ್‌ಕುಮಾರ್ ಹಾಡು ಎತ್ತಿಕೊಂಡಾಗ ನೋಡಿ. ಹಾಡುವವನು ಸ್ವಲ್ಪ ಹೆಚ್ಚುಕಡಿಮೆ ಹಾಡಿದರೂ ಜನ ಕ್ಷಮಿಸುತ್ತಾರೆ. ಕೊಳಲಿನವನು ನಡುವಿನ ಬಿಜಿಎಂ ತುಣುಕು ತಪ್ಪಿಸಿದರೆ ಹಿಂದಿನ ಸಾಲಿನಿಂದ ಸೀಟಿ ನಿಂತುಹೋಗುತ್ತದೆ. ರೆಕಾರ್ಡಿನಲ್ಲಿ ಇದ್ದಹಾಗೇ ಬೇಕು. ಹಾಗಾಗಿ ಅಣ್ಣನ ಸಂಕಟವನ್ನು ನಾನು ಪೆಂಡಾಲಿನ ಮೂಲಕ ಅರ್ಥ ಮಾಡಿಕೊಳ್ಳುತ್ತೇನೆ.

ಮತ್ತೆ ರೆಕಾರ್ಡ್ ಮಾಡುವವರಲ್ಲಿ ಹೆಚ್ಚಿನವರು ಮಾಡುವುದು ದುಡ್ಡಿನ ವ್ಯವಹಾರಕ್ಕೆ. ಇದರಲ್ಲಿ ತಪ್ಪೇನೂ ಇಲ್ಲ. ಹಾಡು ಬರೆದ ಹಕ್ಕು ಒಂದು, ರೆಕಾರ್ಡಿಂಗಿನ ಹಕ್ಕು ಇನ್ನೊಂದು. ಬರೆದ ಹಕ್ಕು ಹಾಡುಗಾರರ ಕೈಯಲ್ಲಿದ್ದರೂ ಮಾಸ್ಟರ್ ಟೇಪಿನ ಹಕ್ಕು ಸಾಮಾನ್ಯವಾಗಿ ಕಂಪನಿಯದು. ಇಪ್ಪತ್ತು ವರ್ಷದ ಹುಡುಗ ಹುಡುಗಿಯರು ಎಲ್ಲಿ ಅಂದರೆ ಅಲ್ಲಿ ಸಹಿ ಹಾಕಿರುತ್ತಾರೆ. ಆಮೇಲೆ ಕಣ್ಣು ಬಿಟ್ಟಾಗ ಉಳಿದಿರುವ ದಾರಿ ಒಂದೇ. ಅದೇ ಹಾಡನ್ನು ಹೊಸದಾಗಿ ಹಾಡಿ ಹೊಸ ಮಾಸ್ಟರ್ ಮಾಡಿಕೊಳ್ಳುವುದು. ಟೇಲರ್ ಸ್ವಿಫ್ಟ್ ಮಾಡಿದ್ದು ಅದನ್ನೇ, ನನ್ನ ಮಗಳು ನನಗೆ ಪಾಠ ಮಾಡಿದ್ದಾಳೆ. ಅದಕ್ಕೂ ಮೊದಲು 2012ರಲ್ಲಿ ಡೆಫ್ ಲೆಪರ್ಡ್ ಎಂಬ ರಾಕ್ ತಂಡದವರು ಡಿಜಿಟಲ್ ಹಕ್ಕಿನ ಜಗಳದಲ್ಲಿ ತಮ್ಮ ಎರಡು ಹಿಟ್ ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿದರು. ಹಳೆಯದಕ್ಕೂ ಹೊಸದಕ್ಕೂ ಗುರುತು ಸಿಗಬಾರದು, ಅದೇ ಪಣ. ಅವರ ಹಾಡುಗಾರ ಜೋ ಎಲಿಯಟ್ ಅದನ್ನು ತಮ್ಮದೇ ಹಾಡಿನ ಕಳ್ಳನಕಲು ಅಂತ ನಗುತ್ತಾ ಹೇಳಿಕೊಂಡರು. ಐವತ್ತು ದಾಟಿದ ಮನುಷ್ಯ ಇಪ್ಪತ್ಮೂರರ ಗಂಟಲು ಮಾಡಿಕೊಂಡು ಹಾಡಬೇಕು. ಹಾಡುವ ಕಷ್ಟ ಗೊತ್ತಿರುವ ನನಗೆ ಪಾಪ ಅನ್ನಿಸುತ್ತದೆ.

ಇನ್ನು ಕೆಲವರದ್ದು ತಿದ್ದುವ ಚಟ. ಮೈಕ್ ಓಲ್ಡ್‌ಫೀಲ್ಡ್ 19ನೇ ವಯಸ್ಸಿನಲ್ಲಿ ಹೆಚ್ಚುಕಡಿಮೆ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ 'ಟ್ಯೂಬ್ಯುಲರ್ ಬೆಲ್ಸ್' ಮಾಡಿದರು. 1973ರಲ್ಲಿ ವರ್ಜಿನ್ ಕಂಪನಿ ಹೊರತಂದ ಮೊದಲ ಆಲ್ಬಂ ಅದು. ಅದರಲ್ಲಿದ್ದ ಸಣ್ಣಪುಟ್ಟ ತಪ್ಪುಗಳು, ಶ್ರುತಿ ಕೂಡದ ಜಾಗಗಳು ಅವರನ್ನು ಮೂವತ್ತು ವರ್ಷ ಕಾಡಿದವು. 2003ರಲ್ಲಿ ಇಡೀ ಆಲ್ಬಂ ಹೊಸದಾಗಿ ನುಡಿಸಿ ಎಲ್ಲ ಸರಿಮಾಡಿದರು. ಸರಿಯಾಗಿದೆ. ತುಂಬಾ ಸರಿಯಾಗಿದೆ. ನಾನು ಎರಡನೇ ಸಲ ಕೇಳಲಿಲ್ಲ.

ಯೂಸುಫ್ ಮತ್ತು ವಾಟರ್ಸ್ ಇಬ್ಬರೂ ಈ ಸಾಲಿಗೆ ಸೇರುವುದಿಲ್ಲ. ಇಬ್ಬರೂ ಚಿಕ್ಕ ವಯಸ್ಸಿನಲ್ಲಿ ಮುದುಕರ ಮಾತು ಬರೆದಿಟ್ಟಿದ್ದರು. ಈಗ ಅದನ್ನು ಹೇಳುವ ವಯಸ್ಸಾಗಿದೆ. ಕಂಪನಿ ನಾಟಕದಲ್ಲಿ ಲೋಹಿತಾಶ್ವನ ಪಾತ್ರಕ್ಕೆ ಬಂದ ಹುಡುಗ ಅಲ್ಲೇ ಬೆಳೆದು ಹರಿಶ್ಚಂದ್ರನಾಗುವ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಎರಡೂ ಪಾತ್ರದ ಮಾತು ಬರೆದವನು ಆ ಹುಡುಗನೇ.

'ಫಾದರ್ ಅಂಡ್ ಸನ್' ಹುಟ್ಟಿದ್ದೇ ನಾಟಕಕ್ಕಾಗಿ. 1969ರಲ್ಲಿ ಕ್ಯಾಟ್ ಸ್ಟೀವನ್ಸ್‌ಗೆ ಕ್ಷಯ ಬಂತು. ಆಗಲೇ ಲಂಡನ್ನಿನಲ್ಲಿ ಹೆಸರು ಮಾಡಿದ್ದ ಪಾಪ್ ಹುಡುಗ, ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿದ. ಎದ್ದು ಬಂದಾಗ ಹಾಡುಗಳು ಬದಲಾಗಿದ್ದವು. ನಟ ನೈಜೆಲ್ ಹಾಥಾರ್ನ್ ಜೊತೆ ಸೇರಿ ರಷ್ಯಾದ ಕ್ರಾಂತಿಯ ಮೇಲೆ ಒಂದು ಸಂಗೀತ ನಾಟಕ ಮಾಡುವ ಯೋಜನೆಯಿತ್ತು. ಹಳ್ಳಿಯ ರೈತ ಅಪ್ಪ, ಕ್ರಾಂತಿಗೆ ಸೇರಲು ಹೊರಟ ಮಗ. ನಾಟಕ ಆಗಲಿಲ್ಲ, ಹಾಡು ಉಳಿಯಿತು. ಸ್ವಂತ ಅಪ್ಪನ ಕಥೆಯಲ್ಲ ಅದು. ಸ್ವಂತ ಅಪ್ಪ ಸೈಪ್ರಸ್ಸಿನ ಗ್ರೀಕ್ ಮೂಲದವರು, ಲಂಡನ್ನಿನ ಶಾಫ್ಟ್ಸ್‌ಬರಿ ಅವೆನ್ಯೂನಲ್ಲಿ ಹೋಟೆಲು ನಡೆಸುತ್ತಿದ್ದರು.

1970ರ ರೆಕಾರ್ಡಿನಲ್ಲಿ ಎರಡೂ ಪಾತ್ರ ಒಬ್ಬನೇ ಹಾಡಿದ್ದಾನೆ. ಅಪ್ಪನಿಗೆ ಮಂದ್ರದ ದನಿ, ಮಗನಿಗೆ ಮೇಲಿನ ದನಿ. 22ರ ಹುಡುಗ ಅಪ್ಪನಂತೆ ಹಾಡಲು ಏನು ಮಾಡುತ್ತಾನೆ? ಗಂಟಲು ತಗ್ಗಿಸುತ್ತಾನೆ, ನಿಧಾನ ಮಾಡುತ್ತಾನೆ, ಮೆತ್ತಗೆ ಮಾತಾಡುತ್ತಾನೆ. ನಾವು ಚಿಕ್ಕವರಿದ್ದಾಗ ಅಪ್ಪನ ಚಪ್ಪಲಿಗೆ ಕಾಲು ತೂರಿಸಿ ನಡೆದಂತೆ ಅಂತ ಬರೆಯೋಣ ಅಂದುಕೊಂಡೆ, ಬೇಡ, ಹರಿಶ್ಚಂದ್ರನೇ ಸಾಕು. ಆ ರೆಕಾರ್ಡಿನಲ್ಲಿ ಅಪ್ಪ ಒಳ್ಳೆಯವನೇ. ಆದರೆ ಕೇಳುವವರೆಲ್ಲ ಮಗನ ಕಡೆ. ಮಗನ ಸಾಲು ಬಂದಾಗ ದನಿ ಒಡೆಯುವಷ್ಟು ಮೇಲೆ ಹೋಗುತ್ತದೆ, ಎದೆಗೆ ತಾಕುತ್ತದೆ. ಅಣ್ಣ ಆ ಸಾಲು ಬಂದಾಗ ವಾಲ್ಯೂಮ್ ಜಾಸ್ತಿ ಮಾಡುತ್ತಿದ್ದ. ನಮ್ಮಪ್ಪನಿಗೆ ಇಂಗ್ಲಿಷ್ ಹಾಡು ಅರ್ಥವಾಗುತ್ತಿರಲಿಲ್ಲ, ಆದರೆ ವಾಲ್ಯೂಮ್ ಅರ್ಥವಾಗುತ್ತಿತ್ತು.

2020ರದ್ದರಲ್ಲಿ ತಕ್ಕಡಿ ವಾಲಿದೆ. ಅಪ್ಪನ ದನಿಗೆ ಈಗ ತಗ್ಗಿಸುವ ಕೆಲಸವಿಲ್ಲ. ಅದೇ ತಗ್ಗಿದೆ, ಒರಟಾಗಿದೆ, ಸಾಲಿನ ಕೊನೆಗೆ ಬರುವಾಗ ಉಸಿರು ಸ್ವಲ್ಪ ಮುಂಚೆಯೇ ಮುಗಿಯುತ್ತದೆ. ನಾನೂ ಹೀಗೇ ಇದ್ದೆ ಕಣಪ್ಪ ಅನ್ನುವ ಅರ್ಥದ ಮಾತು ಬಂದಾಗ ಅದು ಬುದ್ಧಿವಾದ ಅನ್ನಿಸುವುದಿಲ್ಲ. ಅವರು ಹಾಗೇ ಇದ್ದರು, ಮುಂದಿನ ಸಾಲಿನಲ್ಲೇ ಆ ಹುಡುಗ ಬಂದು ಹಾಡುತ್ತಾನಲ್ಲ! ಸ್ಟುಡಿಯೊದ ನಿಚ್ಚಳ ದನಿಯ ಪಕ್ಕದಲ್ಲಿ ಕ್ಲಬ್ಬಿನ ಟೇಪಿನ ಸ್ವಲ್ಪ ಮಸುಕಾದ ದನಿ. ಒಂದು ಮೈಕಿನ ಹತ್ತಿರ, ಇನ್ನೊಂದು ಎಲ್ಲೋ ದೂರ. ಹೆಡ್‌ಫೋನಿನಲ್ಲಿ ಕೇಳಿದರೆ ಜೋಡಿಸಿದ ಜಾಗ ಗೊತ್ತಾಗುತ್ತದೆ. ಗೊತ್ತಾಗಲಿ ಅಂತಲೇ ಬಿಟ್ಟಂತಿದೆ.

ಇದರ ಹಿಂದೆ ಇನ್ನೊಂದು ಅಪ್ಪ ಮಗನ ಕಥೆ ಇದೆ. 1977ರ ಕೊನೆಗೆ ಅವರು ಇಸ್ಲಾಂಗೆ ಸೇರಿದರು, ಹೆಸರು ಬದಲಿಸಿಕೊಂಡರು. 1979ರಲ್ಲಿ ಯುನಿಸೆಫ್‌ಗಾಗಿ ವೆಂಬ್ಲಿಯಲ್ಲಿ ಕೊನೆಯ ಕಾರ್ಯಕ್ರಮ ಕೊಟ್ಟರು, ಗಿಟಾರುಗಳನ್ನು ದಾನಕ್ಕಾಗಿ ಮಾರಿಬಿಟ್ಟರು. ಆಮೇಲೆ ಲಂಡನ್ನಿನಲ್ಲಿ ಶಾಲೆ ತೆರೆದು ನಡೆಸಿಕೊಂಡಿದ್ದರು. ಪಾಪ್ ಆಲ್ಬಂ ಅಂತ ಮತ್ತೆ ಬಂದದ್ದು 2006ರಲ್ಲಿ. ಮನೆಗೆ ಗಿಟಾರ್ ವಾಪಸ್ ತಂದದ್ದು ಅವರ ಮಗ. 'ಟಿಲ್ಲರ್‌ಮನ್' ಐವತ್ತು ತುಂಬುತ್ತಿದೆ, ಪೂರ್ತಿ ಮತ್ತೆ ಮಾಡೋಣ ಅಂತ ತಲೆಗೆ ಹುಳ ಬಿಟ್ಟದ್ದೂ ಮಗನೇ. ಹಾಡಿನಲ್ಲಿ ಮಗ ಮನೆ ಬಿಟ್ಟು ಹೊರಡುತ್ತಾನೆ, ನಿಜದಲ್ಲಿ ಅಪ್ಪ ಬಿಟ್ಟು ಹೋಗಿದ್ದನ್ನು ಮಗ ಮನೆಗೆ ತಂದ.

ರೆಕಾರ್ಡಿಂಗ್ ನಡೆದದ್ದು ದಕ್ಷಿಣ ಫ್ರಾನ್ಸಿನಲ್ಲಿ, ಲಾ ಫ್ಯಾಬ್ರೀಕ್ ಎಂಬ ಸ್ಟುಡಿಯೊದಲ್ಲಿ. ಹಳೆಯ ಪ್ರೊಡ್ಯೂಸರ್ ಪಾಲ್ ಸ್ಯಾಮ್‌ವೆಲ್ ಸ್ಮಿತ್ ಮತ್ತೆ ಬಂದರು. ಹಳೆಯ ಗಿಟಾರಿಸ್ಟ್ ಅಲುನ್ ಡೇವಿಸ್ ಕೂಡ. 1970ರ ಆಲ್ಬಂ ಕವರಿನ ಚಿತ್ರವನ್ನು ಯೂಸುಫ್ ಅವರೇ ಬರೆದಿದ್ದರು. ಕೆಂಪು ಗಡ್ಡದ ಟಿಲ್ಲರ್‌ಮನ್ ಚಹಾ ಕುಡಿಯುತ್ತಾ ಕೂತಿದ್ದಾನೆ, ಪಕ್ಕದಲ್ಲಿ ಇಬ್ಬರು ಮಕ್ಕಳು ಆಡುತ್ತಿದ್ದಾರೆ. ಹೊಸ ಕವರಿನಲ್ಲಿ ರಾತ್ರಿಯಾಗಿದೆ, ಟಿಲ್ಲರ್‌ಮನ್ ಗಗನಯಾತ್ರಿಯ ಉಡುಪಿನಲ್ಲಿದ್ದಾನೆ, ಮಕ್ಕಳ ಗಮನವೆಲ್ಲ ಕೈಯಲ್ಲಿರುವ ಯಂತ್ರಗಳ ಮೇಲೆ.

ಎಲ್ಲ ಹಾಡೂ ಇಷ್ಟೇ ಚೆನ್ನಾಗಿವೆ ಅಂತಲ್ಲ. 'ಲಾಂಗರ್ ಬೋಟ್ಸ್'ಗೆ ಬ್ರದರ್ ಅಲಿ ಎಂಬ ರ‍್ಯಾಪರನ್ನು ಕರೆಸಿದ್ದಾರೆ. ಆತ ಒಳ್ಳೆಯ ರ‍್ಯಾಪರೇ ಇರಬಹುದು, ಆದರೆ ಊಟದ ಮಧ್ಯೆ ಫೋನು ಬಂದ ಹಾಗಾಗುತ್ತದೆ. 'ವೇರ್ ಡು ದ ಚಿಲ್ಡ್ರನ್ ಪ್ಲೇ' ಹೆಚ್ಚು ಬದಲಾಗಿಲ್ಲ, ಬದಲಾಗುವ ಅಗತ್ಯವೂ ಇರಲಿಲ್ಲ. ನನಗೆ ಆಶ್ಚರ್ಯ ತಂದದ್ದು 'ವೈಲ್ಡ್ ವರ್ಲ್ಡ್'. ಹಳೆಯದು ನಿಮಗೆ ಗೊತ್ತಿರುತ್ತದೆ. ಬಿಟ್ಟು ಹೋಗುತ್ತಿರುವ ಹುಡುಗಿಗೆ, ಹೊರಗಿನ ಪ್ರಪಂಚ ಕೆಟ್ಟದ್ದು, ಹುಷಾರು ಅಂತ ಹುಡುಗ ಹೇಳುವುದು. ಕಾಲೇಜಿನಲ್ಲಿದ್ದಾಗ ಕೇಳಿ ಕರಗಿಹೋಗಿದ್ದೆ. ಮೂವತ್ತು ದಾಟಿದ ಮೇಲೆ ಕೇಳಿದಾಗ ಸಿಟ್ಟು ಬಂತು. ಇವನ್ಯಾರು ನನ್ನನ್ನು ಹೆದರಿಸುವುದಕ್ಕೆ? ಹೋಗುವವಳು ಬುದ್ಧಿ ಇದ್ದೇ ಹೋಗುತ್ತಿರುತ್ತಾಳೆ. ಹೊಸದರಲ್ಲಿ ಅದನ್ನೇ ಹಳೇ ಕಾಲದ ಜಾಝ್ ಧಾಟಿಗೆ ಹಾಕಿ, ತುಟಿಯಲ್ಲಿ ನಗು ಇಟ್ಟುಕೊಂಡು ಹಾಡಿದ್ದಾರೆ. ಪ್ರೇಮಿಯ ಬೆದರಿಕೆ ಹೋಗಿ ಅಜ್ಜನ ಮಾತಾಗಿದೆ. ಬಸ್‌ಸ್ಟ್ಯಾಂಡಿನಲ್ಲಿ ಬ್ಯಾಗು ಕೈಗೆ ಕೊಡುವಾಗ ಯಾವ ಅಜ್ಜನಾದರೂ ಹೇಳುವಂಥದ್ದೇ. ಒಂದು ಪದ ಬದಲಿಸದೆ ನನ್ನ ಸಿಟ್ಟು ಇಳಿಸಿಬಿಟ್ಟರು.

ವಾಟರ್ಸ್ ವಿಷಯ ಇಷ್ಟು ಸಲೀಸಲ್ಲ.

ಅವರನ್ನು ನಾನು ಕಂಡಿದ್ದೇನೆ. 2002ರಲ್ಲಿ ಬೆಂಗಳೂರಿಗೆ ಬಂದು ಅರಮನೆ ಮೈದಾನದಲ್ಲಿ ಹಾಡಿದರು. ಅಣ್ಣನೇ ಟಿಕೆಟ್ ತಂದಿದ್ದ. ಮಗಳನ್ನು ಅಮ್ಮನ ಹತ್ತಿರ ಬಿಟ್ಟು ಹೋಗಿದ್ದೆ, ಮೈದಾನದ ಧೂಳಿಗೆ ದುಪಟ್ಟಾ ಮೂಗಿಗೆ ಕಟ್ಟಿಕೊಂಡು ನಿಂತಿದ್ದೆ. ಗೋಡೆಯಾಚೆಯಿಂದ ಕೇಳುತ್ತಿದ್ದ ಹಾಡುಗಳನ್ನು ಆ ಜನಜಂಗುಳಿಯಲ್ಲಿ ಕೇಳಿದಾಗ, ಇಷ್ಟೊಂದು ಜನರ ಮನೆಯಲ್ಲಿ ಇದೇ ಟೇಪು ಓಡುತ್ತಿತ್ತಾ ಅಂತ ಅನ್ನಿಸಿತ್ತು. ಅದರಲ್ಲಿ ಆಶ್ಚರ್ಯಪಡುವಂಥದ್ದು ಏನಿತ್ತೋ. 'ಡಾರ್ಕ್ ಸೈಡ್' ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರೊಳಗೆ 741 ವಾರ ಕೂತಿದ್ದ ಆಲ್ಬಂ.

ಆ ಆಲ್ಬಂನ ಸಾಹಿತ್ಯವೆಲ್ಲ ವಾಟರ್ಸ್‌ದೇ. ಆದರೆ ಅವರು ಮುಖ್ಯ ದನಿಯಾಗಿ ಹಾಡಿದ್ದು ಕೊನೆಯ ಎರಡು ಹಾಡು ಮಾತ್ರ. 'ಟೈಮ್' ಹಾಡಿದ್ದು ತಂಡದ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಮತ್ತು ಕೀಬೋರ್ಡಿನ ರಿಚರ್ಡ್ ರೈಟ್. ಬದುಕು ಇನ್ನೇನು ಶುರುವಾಗುತ್ತದೆ ಅಂತ ಕಾಯುತ್ತಿದ್ದೆ, ಅದು ಆಗಲೇ ನಡೆದುಹೋಗುತ್ತಿದೆ ಅಂತ ತಟ್ಟನೆ ಹೊಳೆಯಿತು, ಅದೇ ಆ ಹಾಡು ಅಂತ ವಾಟರ್ಸ್ ಹೇಳಿಕೊಂಡಿದ್ದಾರೆ. ಬರೆದಾಗ ಅವರಿಗೆ ಇನ್ನೂ ಮೂವತ್ತಾಗಿರಲಿಲ್ಲ! ಮೂವತ್ತಾಗದವನಿಗೆ ವರ್ಷ ಕಳೆದುಹೋದ ದುಃಖ. ಗಿಲ್ಮೋರ್ ಅದನ್ನು ಸಿಟ್ಟಿನಿಂದ ಹಾಡುತ್ತಾರೆ, ಆಮೇಲೆ ಗಿಟಾರ್ ಎತ್ತಿಕೊಂಡು ಆ ಸಿಟ್ಟನ್ನೇ ಮುಂದುವರಿಸುತ್ತಾರೆ. ಹರೆಯದ ಸಿಟ್ಟು ಅದು, ಕೈಯಲ್ಲಿ ಇನ್ನೂ ಟೈಮ್ ಇರುವವರದು.

ರೀಡಕ್ಸ್‌ನಲ್ಲಿ ಸಿಟ್ಟಿಲ್ಲ. ಮುದುಕರೊಬ್ಬರು ಕಿವಿಯ ಹತ್ತಿರ ಬಂದು, ಅರ್ಧ ಹಾಡಿ ಅರ್ಧ ಮಾತಾಡಿ, ಲೆಕ್ಕ ಒಪ್ಪಿಸಿದ ಹಾಗೆ ಹೇಳುತ್ತಾರೆ. ಗಿಟಾರ್ ಸೋಲೊ ಇಲ್ಲ, ಇಡೀ ಆಲ್ಬಂನಲ್ಲೇ ಇಲ್ಲ. ಈ ಒಂದು ಹಾಡಿಗೆ ಅದು ಸರಿಹೋಗಿದೆ. ಹೇಳುವವರಿಗೆ ಎಂಬತ್ತು ಅಂತ ಗೊತ್ತಿದ್ದು ಕೇಳುವಾಗ, ನಡುವಿನ ಸೋಲೊ ಹೋಗಿ ಆ ಜಾಗದಲ್ಲಿ ಏನೂ ಇಲ್ಲದಿರುವುದೇ ಹಾಡಿನ ಅರ್ಥವಾಗುತ್ತದೆ.

ಶುರುವಿನಲ್ಲಿ ಅವರು ಇನ್ನೂ ಒಂದು ಜಾಣತನ ಮಾಡಿದ್ದಾರೆ. ಹಳೇ ಆಲ್ಬಂ ಎದೆಬಡಿತದಿಂದ ಶುರುವಾಗುತ್ತದಲ್ಲ, ಹೊಸದರಲ್ಲಿ ಅಲ್ಲಿ ಅವರು ಬೇರೊಂದು ಹಾಡಿನ ಸಾಲುಗಳನ್ನು ಓದುತ್ತಾರೆ. 'ಫ್ರೀ ಫೋರ್', 1972ರಲ್ಲಿ ಬಂದ 'ಅಬ್ಸ್‌ಕ್ಯೂರ್ಡ್ ಬೈ ಕ್ಲೌಡ್ಸ್' ಆಲ್ಬಂನದು. ಮುದುಕನ ನೆನಪುಗಳ ಬಗ್ಗೆ ಹಾಡು. ಆಗ ಅದನ್ನು ಚಪ್ಪಾಳೆ ತಟ್ಟಿಕೊಂಡು ಕುಣಿಯುವ ಧಾಟಿಯಲ್ಲಿ ಹಾಡಿದ್ದರು. 28ರ ಹುಡುಗನಿಗೆ ಮುದುಕತನ ಅಂದರೆ ತಮಾಷೆ. ಅದೇ ಸಾಲುಗಳು ಈಗ ಧಾಟಿಯಿಲ್ಲದೆ, ಬರೀ ಮಾತಾಗಿ ಬರುತ್ತವೆ. ಆ ಒಂದು ನಿಮಿಷಕ್ಕೆ ನಾನು ಈ ಆಲ್ಬಂನ ಎಷ್ಟೋ ತಪ್ಪು ಮನ್ನಿಸಬಲ್ಲೆ.

ಒಂದನ್ನು ಮಾತ್ರ ಮನ್ನಿಸಲಾರೆ.

'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಕೇಳಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು. ರಿಚರ್ಡ್ ರೈಟ್ ಪಿಯಾನೊ ನುಡಿಸುತ್ತಾರೆ. ಒಬ್ಬ ಹೆಣ್ಣುಮಗಳು ಒಂದೇ ಒಂದು ಪದವಿಲ್ಲದೆ ಹಾಡುತ್ತಾಳೆ. ಕೂಗುತ್ತಾಳೆ, ಗೋಳಾಡುತ್ತಾಳೆ, ಕೊನೆಗೆ ಸುಸ್ತಾಗಿ ಸಮಾಧಾನಕ್ಕೆ ಬರುತ್ತಾಳೆ. ಹೆಸರು ಕ್ಲೇರ್ ಟೋರಿ. 1973ರ ಜನವರಿಯ ಒಂದು ಭಾನುವಾರ ರಾತ್ರಿ ಕರೆಸಿದ್ದರು. ಸಾವಿನ ಬಗ್ಗೆ ಹಾಡು, ಪದ ಇಲ್ಲ, ನಿಮಗೆ ತೋಚಿದ್ದು ಹಾಡಿ ಅಂದರು. ಎರಡೂವರೆ ಟೇಕು ಹಾಡಿ, 30 ಪೌಂಡು ತಗೊಂಡು ಮನೆಗೆ ಹೋದರು. ಇದನ್ನು ಇವರು ಬಳಸುವುದಿಲ್ಲ ಅಂತಲೇ ಅಂದುಕೊಂಡಿದ್ದರು. ಅಂಗಡಿಯಲ್ಲಿ ಆಲ್ಬಂ ತಿರುಗಿಸಿ ನೋಡಿದಾಗ ತಮ್ಮ ಹೆಸರು ಇದ್ದದ್ದು ಕಂಡಿತು. ಹಾಡು ಕಟ್ಟಿದವರಲ್ಲಿ ತಾವೂ ಒಬ್ಬರು ಅನ್ನಿಸಿಕೊಳ್ಳಲು 2004ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. ಮರುವರ್ಷ ರಾಜಿಯಾಗಿ, ಈಗ ರೈಟ್ ಹೆಸರಿನ ಪಕ್ಕ ಅವರ ಹೆಸರಿದೆ.

ಶ್ರುತಿಪೆಟ್ಟಿಗೆ ಮುಂದೆ ಕೂತು ಆಲಾಪ ಕಲಿತವಳಿಗೆ ಅಣ್ಣನ ಇಡೀ ಟೇಪಿನಲ್ಲಿ ಮೊದಲು ಅರ್ಥವಾದದ್ದು ಈ ಹಾಡೇ. ಪದ ಬೇಕಾಗಿಲ್ಲ ಅನ್ನುವುದು ನಮಗೆ ಹೊಸದಲ್ಲವಲ್ಲ.

ರೀಡಕ್ಸ್‌ನಲ್ಲಿ ಆ ಜಾಗದಲ್ಲಿ ವಾಟರ್ಸ್ ಮಾತಾಡುತ್ತಾರೆ. ಕ್ಯಾನ್ಸರ್ ಆಗಿದ್ದ ಅಮೆರಿಕದ ಕವಿ ಡೊನಾಲ್ಡ್ ಹಾಲ್, ಅವರ ಸಹಾಯಕಿ ಜೊತೆ ನಡೆದ ಪತ್ರ ವ್ಯವಹಾರ, ಕವಿ ತೀರಿಕೊಂಡದ್ದು. ಕಥೆ ಮನ ಮುಟ್ಟುವಂಥದ್ದೇ. ಬೇರೆ ಎಲ್ಲಾದರೂ ಹೇಳಿದ್ದರೆ ಕೂತು ಕೇಳುತ್ತಿದ್ದೆ. ಆದರೆ ಒಬ್ಬ ಹೆಂಗಸು ಮಾತಿಲ್ಲದೆ ಹೇಳಿ ಮುಗಿಸಿದ್ದನ್ನು ತೆಗೆದುಹಾಕಿ, ಅಲ್ಲಿ ಒಬ್ಬ ಗಂಡಸು ಕಾಗದ ಓದುವುದು! ಈ ಆಲ್ಬಂ ಏನು ಹೇಳುತ್ತಿದೆ ಅಂತ ಜನಕ್ಕೆ ಸರಿಯಾಗಿ ಅರ್ಥವಾಗಲಿಲ್ಲ, ಅದಕ್ಕೇ ಮತ್ತೆ ಮಾಡಿದೆ ಅನ್ನುವುದು ವಾಟರ್ಸ್ ವಾದ. ಅರ್ಥವಾಗದೇ 741 ವಾರ ಕೇಳಿದರಾ? ಯೂಸುಫ್ ತಮ್ಮ ಹಳೇ ಹುಡುಗನಿಗೆ ಜಾಗ ಬಿಟ್ಟುಕೊಟ್ಟರು. ವಾಟರ್ಸ್ ಎಲ್ಲರ ಜಾಗದಲ್ಲೂ ತಾವೇ ಕೂತರು.

ಫ್ಲಾಯ್ಡ್‌ನ ಡ್ರಮ್ಮರ್ ನಿಕ್ ಮೇಸನ್‌ಗೆ ರೀಡಕ್ಸ್ ಹಿಡಿಸಿತು ಅಂತ ಓದಿದೆ. ಇರಬಹುದು. ಅವರ ಅಭಿಪ್ರಾಯಕ್ಕೆ ನನ್ನದಕ್ಕಿಂತ ತೂಕ ಜಾಸ್ತಿ.

30 ಪೌಂಡು ಅಂದಾಗ ಇನ್ನೊಂದು ನೆನಪಾಯಿತು. 'ದ ಫಸ್ಟ್ ಕಟ್ ಈಸ್ ದ ಡೀಪೆಸ್ಟ್' ಬರೆದದ್ದು ಕ್ಯಾಟ್ ಸ್ಟೀವನ್ಸ್. 1967ರಲ್ಲಿ ಅದನ್ನು ಹಿಟ್ ಮಾಡಿದವರು ಗಾಯಕಿ ಪಿ. ಪಿ. ಅರ್ನಾಲ್ಡ್. ಹಾಡನ್ನು ಅವರಿಗೆ ಕೊಟ್ಟದ್ದು 30 ಪೌಂಡಿಗೆ. ಅದೇ ಅರ್ನಾಲ್ಡ್ ಮುಂದೆ ರೋಜರ್ ವಾಟರ್ಸ್‌ನ 'ಇನ್ ದ ಫ್ಲೆಶ್' ಪ್ರವಾಸದಲ್ಲಿ ಹಿನ್ನೆಲೆ ಹಾಡುವವರ ಸಾಲಿನಲ್ಲಿದ್ದರು. ನಮ್ಮ ಟಿಡಿಕೆಯ ಎರಡು ಬದಿಗೂ ಸಂಬಂಧ ಇದೆ ಅಂತ ಅಣ್ಣನಿಗೆ ಹೇಳಿದರೆ ಅವನು ಗೂಗಲ್ ಮಾಡಿ ನೋಡಿಯೇ ನಂಬಿದ್ದು.

ನನ್ನ ಮಾತೂ ಸ್ವಲ್ಪ ಹೇಳಿಬಿಡುತ್ತೇನೆ, ಈ ವಿಷಯ ಇಷ್ಟೊಂದು ಹಚ್ಚಿಕೊಳ್ಳಲು ಅದೂ ಕಾರಣ. ಕಾಲೇಜು ದಿನಗಳಲ್ಲಿ ಆಕಾಶವಾಣಿಯ ಯುವವಾಣಿಯಲ್ಲಿ ಒಂದು ಭಾವಗೀತೆ ಹಾಡಿದ್ದೆ. ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ತಾಯಿಯ ಹಾಡು. ಅಪ್ಪ ರೇಡಿಯೊ ಮುಂದೆ ಟೇಪ್‌ರೆಕಾರ್ಡರ್ ಹಿಡಿದು ರೆಕಾರ್ಡ್ ಮಾಡಿದ್ದರು, ಆಮೇಲೆ ಮಗಳು ಅದನ್ನು ಫೋನಿಗೆ ಹಾಕಿಕೊಟ್ಟಳು. ಈಗ ಕೇಳಿದರೆ ನಗು ಬರುತ್ತದೆ. ಬಾಗಿಲು ಅನ್ನುವ ಪದ ಬರುವ ಸಾಲಿನಲ್ಲಿ ಒಂದು ಬಿಕ್ಕು ಇಟ್ಟಿದ್ದೇನೆ. ಬೇಕಂತಲೇ ಇಟ್ಟದ್ದು, ಕನ್ನಡಿ ಮುಂದೆ ಅಭ್ಯಾಸ ಮಾಡಿ. ಆಗ ಐದೂವರೆ ಶ್ರುತಿಯಲ್ಲಿ ಹಾಡುತ್ತಿದ್ದೆ, ಈಗ ನಾಲ್ಕೂವರೆಗೆ ಇಳಿದಿದ್ದೇನೆ. ವಯಸ್ಸಾದ ಹೆಂಗಸರ ಗಂಟಲು ಇಳಿಯುವುದು ಸಹಜ, ಡಾಕ್ಟರೂ ಅದನ್ನೇ ಹೇಳಿದರು. ಹೋದ ವರ್ಷ ನಮ್ಮ ಬಡಾವಣೆಯ ರಾಜ್ಯೋತ್ಸವದಲ್ಲಿ ಅದೇ ಹಾಡು ಹಾಡಿದೆ. ಮಗಳು ಕೆಲಸಕ್ಕೆ ಅಂತ ಡಬ್ಲಿನ್‌ಗೆ ಹೋಗಿ ವರ್ಷವಾಗಿತ್ತು. ಬಾಗಿಲು ಬಂದಾಗ ಏನೂ ಮಾಡಲಿಲ್ಲ, ಸುಮ್ನೆ ಸ್ವರ ಹಿಡಿದು ನಿಂತೆ. ಮುಂದಿನ ಸಾಲಿನಲ್ಲಿ ಕೂತಿದ್ದ ಆಂಟಿ ಒಬ್ಬರು ಆಮೇಲೆ ಬಂದು "ಚೆನ್ನಾಗಿತ್ತಮ್ಮ, ಆದ್ರೆ ಮೈಕು ಸರಿ ಇರಲಿಲ್ಲ" ಅಂದರು.

ಅಣ್ಣನಿಗೆ ಎರಡೂ ಆಲ್ಬಂ ಕಳಿಸಿದೆ. ಅರವತ್ತು ದಾಟಿದ್ದಾನೆ, ಮಂಡಿ ನೋವು, ಬೇಸ್ ಗಿಟಾರ್ ಅಟ್ಟದ ಮೇಲಿದೆ. ರೀಡಕ್ಸ್ ಕೇಳಿ ವಾಯ್ಸ್ ಮೆಸೇಜ್ ಹಾಕಿದ: "ಇದೇನೇ ಇದು, ಸೋಲೊ ಎಲ್ಲಿ? ಹಾಡೋಕೆ ಕರೆದ್ರೆ ಹರಿಕಥೆ ಮಾಡ್ತಾ ಇದಾನೆ." 'ಟೈಮ್' ಒಂದನ್ನಾದರೂ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಕೇಳು ಅಂದೆ. ಕೇಳಿದ. ಹರಿಕಥೆ ಅನ್ನುವ ಮಾತು ವಾಪಸ್ ತಗೊಳ್ಳಲಿಲ್ಲ. 'ಫಾದರ್ ಅಂಡ್ ಸನ್' ಬಗ್ಗೆ ಏನೂ ಹೇಳಲಿಲ್ಲ, ಆದರೆ ಅವನ ಮಗನಿಗೆ ಫಾರ್ವರ್ಡ್ ಮಾಡಿದ್ದಾನೆ ಅಂತ ಅತ್ತಿಗೆ ಹೇಳಿದರು. ಹುಡುಗ ಥಂಬ್ಸ್ ಅಪ್ ಹಾಕಿದ್ದಾನಂತೆ.

ನೀವು ಕೇಳುವುದಾದರೆ ಮೊದಲು ಹಳೆಯದು ಕೇಳಿ, ಅದೇ ದಿನ ಹೊಸದು ಕೇಳಬೇಡಿ. 'ಟಿಲ್ಲರ್‌ಮನ್' ಹೊಸದರಲ್ಲಿ 'ಲಾಂಗರ್ ಬೋಟ್ಸ್' ಬಿಟ್ಟರೂ ನಷ್ಟವಿಲ್ಲ. ರೀಡಕ್ಸ್‌ನಲ್ಲಿ ಮೊದಲ ಹಾಡು, 'ಟೈಮ್', ಕೊನೆಯ ಎರಡು, ಇಷ್ಟು ಸಾಕು. 'ಗ್ರೇಟ್ ಗಿಗ್' ಬಂದಾಗ ನಾನಂತೂ 1973ರದ್ದಕ್ಕೆ ಹಾರಿಬಿಡುತ್ತೇನೆ.